ಕತ್ತರಿ ಚಿಕ್ಕಮ್ಮನ ಕರಿಮರಿಗಳು

ಪರದೆ ಹೊಲಿಯುವ ಅಂಗಡಿಯ ಮೇಲಿನ ಮನೆಯಲ್ಲಿದ್ದ ಆಕೆಯನ್ನು ಬೀದಿಯವರೆಲ್ಲ ಕತ್ತರಿ ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು. ಸೊಂಟಕ್ಕೆ ದಾರ ಕಟ್ಟಿ ಅದರ ತುದಿಗೆ ಕತ್ತರಿ ತೂಗುಬಿಟ್ಟುಕೊಂಡೇ ಓಡಾಡುವವಳು. ಬಾಯಿಯೂ ಹಾಗೇ, ಎದುರಿಗೆ ಸಿಕ್ಕಿದ ಮಾತನ್ನು ಕಚಕ್ ಅಂತ ಕತ್ತರಿಸಿ ಕೆಳಗೆ ಹಾಕುವಂಥದ್ದು. ಅವಳನ್ನು ತಡೆದು ಮಾತಾಡುವ ಧೈರ್ಯ ಇದ್ದದ್ದು ಇಬ್ಬರಿಗೆ. ಒಬ್ಬರು ಅವಳ ಅತ್ತೆ, ಇನ್ನೊಬ್ಬಳು ಮಸಿ.

ಮಸಿ ಅಂದರೆ ನಾಯಿ. ಕರ್ರಗೆ ಮಿರಮಿರ ಮಿಂಚುವ ಕೂದಲು, ಜೋಲುಕಿವಿ, ಮನುಷ್ಯರ ಹಾಗೆ ಮುಖ ನೋಡುವ ಕಣ್ಣು. ಅಂಗಡಿಯ ಉದ್ದನೆಯ ಮೇಜಿನ ಕೆಳಗೆ ತುಂಡುಬಟ್ಟೆಯ ರಾಶಿಯಲ್ಲಿ ಮಲಗಿರುತ್ತಿತ್ತು. ಪರದೆ ಹೊಲಿಸಲು ಬಂದವರು ಅಳತೆ ಕೊಡುವುದು ಬಿಟ್ಟು ಅದರ ತಲೆ ಸವರುತ್ತ ಕೂರುತ್ತಿದ್ದರು. "ಮರಿ ಹಾಕಿದ್ರೆ ನಂಗೊಂದು" ಅಂತ ಬೇಕರಿಯವನು ಹೇಳಿದ. ಶಾಲೆಯ ಟೀಚರು ಹೇಳಿದರು. ಚಿಕ್ಕಮ್ಮನ ಸ್ವಂತ ತಮ್ಮ ಗೋಡೌನು ಇಟ್ಟುಕೊಂಡವನು, ಅವನೂ ಹೇಳಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಗಂಡುನಾಯಿಯನ್ನೇ ಇನ್ನೂ ನೋಡಿರಲಿಲ್ಲ, ಮರಿಗಳೆಲ್ಲ ಹಂಚಿಹೋಗಿದ್ದವು. ಚಿಕ್ಕಮ್ಮನಿಗೂ ಆಸೆ ಹತ್ತಿತು. ಮಸಿಯ ಹಾಗಿನ ಕರಿಮರಿಗಳು ಮೇಜಿನ ಕೆಳಗೆ ಉರುಳಾಡುವುದು ಅವಳ ಕನಸಿಗೇ ಬರತೊಡಗಿತು.

ಆ ಜಾತಿಯ ನಾಯಿಗಳನ್ನು ಊರಲ್ಲಿ ಕ್ರಮವಾಗಿ ಸಾಕಿ ಮರಿ ಮಾಡಿಸುತ್ತಿದ್ದವರು ಒಬ್ಬರೇ. ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು, ಎಲ್ಲರಿಗೂ ಗಾರ್ಡ್ ತಾತ. ಚಿಕ್ಕಮ್ಮ ಮಸಿಗೆ ಸ್ನಾನ ಮಾಡಿಸಿ, ಕೂದಲು ಬಾಚಿ, ಹೆಣ್ಣು ತೋರಿಸಲು ಹೊರಟ ಹಾಗೆ ಅವರ ಅಂಗಳಕ್ಕೆ ಕರೆದುಕೊಂಡು ಹೋದಳು.

ತಾತ ಮಸಿಯ ಮುಖ ನೋಡಲಿಲ್ಲ. "ಸ್ವಲ್ಪ ಓಡಿಸಮ್ಮ" ಅಂದರು. ಓಡಿಸಿದಳು. ಅವರು ಹಿಂದಿನಿಂದ ನೋಡಿದರು. "ಇನ್ನೊಂದು ಸಲ." ಮತ್ತೆ ಓಡಿಸಿದಳು.

"ಸೊಂಟದ ಎಕ್ಸ್‌ರೇ ತೆಗೆಸಿದೀಯಾ?"

"ನನ್ನ ನಾಯಿಗೆ ಏನಾಗಿದೆ ಅಂತ ಎಕ್ಸ್‌ರೇ ತೆಗೆಸಲಿ?"

"ಏನೂ ಆಗಿಲ್ಲ ಅಂತ ತಿಳ್ಕೊಳ್ಳೋಕೆ."

"ಇಷ್ಟು ಚೆಂದದ ನಾಯಿ ಈ ಊರಲ್ಲಿ ಇನ್ನೊಂದು ತೋರಿಸಿ ನೋಡೋಣ."

"ಹೆತ್ತವರಿಗೆ ಹೆಗ್ಗಣ ಮುದ್ದು" ಅಂದರು ತಾತ, ಬೈಯುವ ದನಿಯಲ್ಲಲ್ಲ, ಹವಾಮಾನ ಹೇಳುವ ಹಾಗೆ. "ಚೆಂದ ಸರಿಯಮ್ಮ. ಚೆಂದ ಮರಿಗೆ ಬರುತ್ತೆ, ಸೊಂಟನೂ ಬರುತ್ತೆ. ಎರಡನ್ನೂ ನೋಡದೆ ನನ್ನ ಗಂಡುನಾಯಿ ಬಿಡಲ್ಲ."

ದಾರಿಯುದ್ದಕ್ಕೂ ಚಿಕ್ಕಮ್ಮ ಬೈದುಕೊಂಡೇ ಬಂದಳು. ನನ್ನ ಮಗಳನ್ನು ಹೆಗ್ಗಣ ಅಂದುಬಿಟ್ಟ ಮುದುಕ ಅಂತ ಅತ್ತೆಯ ಮುಂದೆ ತಟ್ಟೆ ಕುಕ್ಕಿದಳು. ಅತ್ತೆ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, "ನೀನು ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಬೆಳಕಿಗೆ ಹಿಡಿದು ನೋಡ್ತೀಯ ತಾನೆ? ನಾಯೀನೂ ಹಿಡಿ" ಅಂದರು. ಅಷ್ಟೇ.

ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿ ಪೆನ್ನಿನಿಂದ ತೋರಿಸಿದರು. ತೊಡೆಮೂಳೆಯ ತುದಿ ಚೆಂಡಿನ ಹಾಗೆ, ಸೊಂಟದ ಮೂಳೆ ಬಟ್ಟಲಿನ ಹಾಗೆ. ಚೆಂಡು ಬಟ್ಟಲಲ್ಲಿ ಗಟ್ಟಿಯಾಗಿ ಕೂತಿರಬೇಕು. ಮಸಿಯದು ಕೂತಿರಲಿಲ್ಲ. ದೊಡ್ಡ ಕಾಜಿಗೆ ಸಣ್ಣ ಗುಂಡಿ ಹಾಕಿದ ಹಾಗೆ ಲೊಡಲೊಡ. ಯಾರೂ ವಿವರಿಸಬೇಕಾಗಿಯೇ ಇರಲಿಲ್ಲ, ಹೊಲಿಗೆಯವಳಿಗೆ ಕಂಡಿತು.

"ಇವಳಿಗೆ ಏನಾಗುತ್ತೆ?" ಅಂದಳು.

"ತೂಕ ಏರದ ಹಾಗೆ ನೋಡ್ಕೊಂಡ್ರೆ ಸುಖವಾಗಿರ್ತಾಳೆ. ಮರಿಗಳ ಗತಿ ಹೇಳೋಕಾಗಲ್ಲ. ಕೆಲವು ಎರಡನೇ ವರ್ಷಕ್ಕೇ ಕುಂಟಬಹುದು."

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಚಿಕ್ಕಮ್ಮ ಅತ್ತಳು. ಮಸಿ ಅವಳ ತೊಡೆ ಮೇಲೆ ಗದ್ದ ಇಟ್ಟುಕೊಂಡು ಎಲ್ಲರನ್ನೂ ನೋಡುತ್ತಿತ್ತು. ತನಗೇನೂ ಕಡಿಮೆಯಾಗಿಲ್ಲ ಅನ್ನುವ ಮುಖ.

ಬೀದಿಯಲ್ಲಿ ಬಗೆಬಗೆಯ ಬುದ್ಧಿಮಾತು ಬಂತು. ಎಲ್ಲ ನಾಯಿಗೂ ಏನಾದರೊಂದು ಇರುತ್ತೆ ಬಿಡು ಅಂದರು. ಒಂದು ಸಲ ಹಾಕಿಸು, ಯಾರಿಗೆ ಗೊತ್ತಾಗುತ್ತೆ ಅಂದ ತಮ್ಮ. ಅವಳಿಗೆ ಗೊತ್ತಾಗುತ್ತಿತ್ತಲ್ಲ. ಮಸಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಬಿಟ್ಟಳು. ಬೇಕರಿಯವನ ಹತ್ತಿರ ಹೋಗಿ, "ನಿನ್ನ ಮರಿ ಇಲ್ಲ ಕಣಪ್ಪ" ಅಂತ ಹೇಳಿ, ಒಂದು ಬನ್ನು ತಿಂದು ಬಂದಳು.

ಸುದ್ದಿ ಗಾರ್ಡ್ ತಾತನ ಕಿವಿಗೆ ಬಿತ್ತು. ಅವರೇ ಅಂಗಡಿಗೆ ಬಂದರು. ಬಟ್ಟೆಯ ಥಾನುಗಳ ನಡುವೆ ನಿಂತು, "ಆಸೆ ಇನ್ನೂ ಇದೆಯಾ, ಹೋಯ್ತಾ?" ಅಂತ ಕೇಳಿದರು.

"ಇದೆ. ಅದಕ್ಕೇನು ಮದ್ದಿದೆಯಾ?"

"ಭಾನುವಾರ ಬಾ. ನಾಯಿಮನೆ ತೊಳೆಯೋದಿದೆ."

ಹಾಗೆ ಶುರುವಾಯಿತು ಅವಳ ಪಾಠ. ಹೇಲು ಬಳಿದಳು, ಬಾಣಂತಿ ನಾಯಿಗಳ ಹಾಸಿಗೆ ಒಗೆದಳು, ಕಣ್ಣು ಬಿಡದ ಮರಿಗಳನ್ನು ಅಂಗೈಯಲ್ಲಿ ಹಿಡಿಯುವುದು ಕಲಿತಳು. ತಾತನ ರೀತಿಯೇ ವಿಚಿತ್ರ. ಯಾವ ನಾಯಿಯ ಚೆಂದವನ್ನೂ ಹೊಗಳಲು ಬಿಡುತ್ತಿರಲಿಲ್ಲ. "ಹೊಗಳೋಕೆ ಬೀದಿ ತುಂಬ ಜನ ಇದಾರೆ. ನೀನು ಐಬು ಹೇಳು" ಅನ್ನುವರು. ಇದರ ಭುಜ ಅತಿ ನೆಟ್ಟಗಿದೆ, ಹೆಜ್ಜೆ ಚಾಚೋಕಾಗಲ್ಲ, ಅದು ಶಬ್ದಕ್ಕೆ ಬೆಚ್ಚುತ್ತೆ, ಇದರ ಅಜ್ಜನಿಗೆ ಕಣ್ಣಿನ ಪೊರೆ ಬಂದಿತ್ತು. ಐಬಿಲ್ಲದ ನಾಯಿ ಹುಟ್ಟೇ ಇಲ್ಲ, ಒಂದೇ ಐಬು ಎರಡು ಕಡೆಯಿಂದಲೂ ಬರಬಾರದು, ಅಷ್ಟನ್ನು ನೋಡಿಕೊಳ್ಳುವುದೇ ಈ ಕೆಲಸ. ಗಂಡ ಕೇಳಿದ, "ಭಾನುವಾರನೂ ಮನೇಲಿರಲ್ಲ, ಏನು ಕಲಿತೆ?" ಅಂತ. "ಐಬು ನೋಡೋದು" ಅಂದಳು. "ಅದನ್ನ ಮದುವೆಯಾದ ದಿನದಿಂದ ನೋಡ್ತಾನೇ ಇದೀಯಲ್ಲ" ಅಂದ.

ಕೊನೆಗೆ ತಾತ ತಮ್ಮಲ್ಲಿ ಹುಟ್ಟಿದ ಒಂದು ಹೆಣ್ಣುಮರಿ ಕೊಟ್ಟರು. ಅದೂ ಕಪ್ಪೇ. ಇದ್ದಿಲು ಅಂತ ಹೆಸರಾಯಿತು. ಮಸಿಯೇ ಅದನ್ನು ಬೆಳೆಸಿತು ಅನ್ನಬೇಕು. ಕಿವಿ ಕಚ್ಚಿಸಿಕೊಂಡು, ತನ್ನ ಹಾಸಿಗೆ ಬಿಟ್ಟುಕೊಟ್ಟು, ಸ್ವಂತ ಮಗಳಂತೆ. ಇದ್ದಿಲು ಪೂರ್ತಿ ಬೆಳೆಯುವವರೆಗೆ ಚಿಕ್ಕಮ್ಮ ಮರಿಯ ಮಾತೇ ಎತ್ತಲಿಲ್ಲ. ಸೊಂಟ ನೋಡಿಸಿದಳು, ಗಟ್ಟಿ. ಕಣ್ಣು ನೋಡಿಸಿದಳು, ಶುದ್ಧ. ತಾತನ ಮನೆಯ ಗಂಡೆಲ್ಲ ಇದ್ದಿಲಿಗೆ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು. ಪಕ್ಕದೂರಿನ ಒಂದು ಸಾಧು ಗಂಡುನಾಯಿಯನ್ನು ಹುಡುಕಿದರು. ಅದರ ಎಕ್ಸ್‌ರೇಯನ್ನೂ ಚಿಕ್ಕಮ್ಮ ಬೆಳಕಿಗೆ ಹಿಡಿದಳು.

ಹೆರಿಗೆಗೆ ಮೇಜಿನ ಕೆಳಗೆ ಮರದ ಪೆಟ್ಟಿಗೆ ಮಾಡಿಸಿದಳು. ಗೋಡೆಗೂ ತಾಯಿಯ ಬೆನ್ನಿಗೂ ನಡುವೆ ಮರಿ ಸಿಕ್ಕಿ ಅಪ್ಪಚ್ಚಿಯಾಗಬಾರದು ಅಂತ ಒಳಗೆ ಸುತ್ತಲೂ ಪರದೆಯ ಕಂಬಿ ಕೂರಿಸಿದಳು. ಒಂದು ಹೋಟೆಲಿನ ಪರದೆಗಳೆಲ್ಲ ಮೇಜಿನ ಮೇಲೆ ಹರಡಿದ್ದ ಮಧ್ಯಾಹ್ನ ಇದ್ದಿಲು ಆರು ಮರಿ ಹಾಕಿತು. ಆರೂ ಕಪ್ಪು, ಆರೂ ಒಂದೇ ಅಚ್ಚು. ಗುರುತಿಗೆ ಅಂತ ಹೋಟೆಲಿನ ಬಟ್ಟೆಯಲ್ಲಿ ಉಳಿದ ಚೂರುಗಳಿಂದ ಬಣ್ಣಬಣ್ಣದ ಪಟ್ಟಿ ಕತ್ತರಿಸಿ ಕೊರಳಿಗೆ ಕಟ್ಟಿದಳು. ಎಲ್ಲಕ್ಕಿಂತ ಸಣ್ಣದಕ್ಕೆ ಹಳದಿ. ದೊಡ್ಡ ಮರಿಗಳು ತಳ್ಳಿಬಿಡುತ್ತಿದ್ದುದರಿಂದ ಅದಕ್ಕೆ ಮಾತ್ರ ಬಾಟಲಿಯಲ್ಲಿ ಮೇಲುಹಾಲು. ದಿನಾ ಬೆಳಿಗ್ಗೆ ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗುವಳು.

ಹೀಗಿರುವಾಗ ಹೋಟೆಲಿಗೆ ಪರದೆ ಕೊಟ್ಟುಬರಲು ಹೋಗಿದ್ದಳು. ಬಂದವಳು ಹಳದಿಗೆ ಬಾಟಲಿ ಹಿಡಿದರೆ ಅದು ಬಾಯಿ ತಿರುಗಿಸಿತು. ಹಠಮಾರಿ ಅಂತ ಗದರಿ ಕುಡಿಸಿದಳು. ಮರುದಿನ ತೂಗಿದರೆ ಹಳದಿ ಒಂದೇ ದಿನಕ್ಕೆ ಉಬ್ಬಿಬಿಟ್ಟಿತ್ತು. "ಅತ್ತೆ, ನೋಡಿ ಬಂದು, ನಮ್ಮ ಹಳದಿ ಗೆದ್ದುಬಿಡ್ತು" ಅಂತ ಕೂಗಿ ಕರೆದಳು. ಆಮೇಲೆ ನೀಲಿ ಪಟ್ಟಿಯ ಮರಿಯನ್ನು ಕೈಗೆ ಎತ್ತಿಕೊಂಡಳು. ಅದು ತಣ್ಣಗಿತ್ತು. ಹತ್ತಿ ಕಿತ್ತ ದಿಂಬಿನ ಹಾಗೆ ಜೋತುಬಿತ್ತು.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ನಿನ್ನೆ ಎರಡು ಪಟ್ಟಿ ಬಿಚ್ಚಿ ಬಿದ್ದಿತ್ತಮ್ಮ. ಇದ್ದಿಲು ನೆಕ್ಕಿ ಸಡಿಲ ಮಾಡಿತ್ತೇನೋ. ನಾನೇ ಕಟ್ಟಿದೆ."

ದಪ್ಪಮರಿಗೆ ಹಳದಿ, ಸಣ್ಣದಕ್ಕೆ ನೀಲಿ. ಹೊಟ್ಟೆ ತುಂಬಿದ್ದಕ್ಕೇ ಮತ್ತೆ ಹಾಲು, ಹಸಿದದ್ದಕ್ಕೆ ಏನೂ ಇಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಬಟ್ಟೆ ಮುಟ್ಟಿ ನೋಡಿ ಅಂತ ಗಿರಾಕಿಗಳಿಗೆ ದಿನಾ ಹೇಳುವವಳು, ತಾನು ಮುಟ್ಟಿಯೂ ಬಣ್ಣವನ್ನೇ ನಂಬಿದ್ದಳು. ಅವಳ ನಾಲಿಗೆಯ ಕತ್ತರಿ ಅವತ್ತು ಅತ್ತೆಯ ಮೇಲೆ ಆಡಲಿಲ್ಲ. "ಫೋನ್ ಕೊಡಿ" ಅಂದಳು, ಅಷ್ಟೇ.

ತಾತ ಫೋನಿನಲ್ಲಿ, "ಹಾಲು ಹಾಕಬೇಡ. ತಣ್ಣಗಿರೋ ಹೊಟ್ಟೆಗೆ ಹಾಲು ಹೋದ್ರೆ ಅರಗಲ್ಲ, ಮರಿ ಹೋಗಿಬಿಡುತ್ತೆ. ಮೊದಲು ಬೆಚ್ಚಗೆ ಮಾಡು. ನಿಧಾನಕ್ಕೆ. ಮೈಗೆ ಅಂಟಿಸ್ಕೊ" ಅಂದರು.

ಮರಿಯನ್ನು ರವಿಕೆಯ ಒಳಗೆ ಎದೆಗೆ ಅಂಟಿಸಿಕೊಂಡು, ಮೇಲೆ ಶಾಲು ಸುತ್ತಿ, ಚಿಕ್ಕಮ್ಮ ಮಿಷನ್ನಿನ ಮುಂದೆ ಕೂತಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಹೊಲಿದಳು. ಗಿರಾಕಿಗಳು ಬಂದರು, ಹೋದರು; ಅವಳು ಮಾತಾಡುತ್ತಲೇ ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದಳು. ಅತ್ತೆ ಬಿಸಿನೀರಿನ ಶೀಸೆ ತಂದು ತಂದು ಕೊಟ್ಟರು, ಊಟವನ್ನೂ ತುತ್ತು ಮಾಡಿ ಬಾಯಿಗೆ ಇಟ್ಟರು. ಬೀದಿಗೆ ಸಂಜೆಯ ಬೆಳಕು ಬೀಳುವ ಹೊತ್ತಿಗೆ ರವಿಕೆಯೊಳಗೆ ಏನೋ ಮಿಸುಕಿತು. ಆಮೇಲೆ ಕುಂಯ್ ಅಂತು. ಆಮೇಲೆ ಗುಂಡಿಯನ್ನು ಹುಡುಕಿ ಚೀಪತೊಡಗಿತು.

"ಈಗ ತನ್ನಿ ಹಾಲು" ಅಂದಳು. ಅತ್ತೆ ಓಡಿದ್ದನ್ನು ಆ ಮನೆಯಲ್ಲಿ ಯಾರೂ ಅದಕ್ಕೂ ಮುಂಚೆ ನೋಡಿರಲಿಲ್ಲ.

ಮರುದಿನ ಪಟ್ಟಿಗಳೆಲ್ಲ ಕಸಕ್ಕೆ ಹೋದವು. ಕತ್ತರಿಯಲ್ಲಿ ಒಂದಕ್ಕೆ ಭುಜದ ಮೇಲೆ, ಒಂದಕ್ಕೆ ಬೆನ್ನಿನ ಮೇಲೆ, ಒಂದಕ್ಕೆ ತೊಡೆಯ ಮೇಲೆ ಹೀಗೆ ಚಿಟಿಕೆ ಕೂದಲು ಕತ್ತರಿಸಿ ಗುರುತು ಮಾಡಿದಳು. ಅದನ್ನು ಯಾರೂ ಬಿಚ್ಚಿ ಕಟ್ಟಲಾಗುವುದಿಲ್ಲ.

ಮರಿಗಳು ತಾಯಿ ಬಿಡುವ ವಯಸ್ಸಿಗೆ ಬಂದವು. ಈಗ ಜನ ಚಿಕ್ಕಮ್ಮನ ಕೈಗೆ ಸಿಕ್ಕಿಬಿದ್ದರು. ಮರಿ ಕೇಳಿದವರ ಮನೆಗೇ ಹೋಗಿ ಗೇಟು ಅಲ್ಲಾಡಿಸಿ ನೋಡುವಳು. ಹಗಲು ಮನೆಯಲ್ಲಿ ಯಾರಿರುತ್ತಾರೆ, ನೀವು ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಹಳೆಯ ನಾಯಿ ಏನಾಯಿತು, ಎಲ್ಲ ಕೇಳುವಳು. ಸಂಬಂಧ ನೋಡಲು ಬಂದವರೂ ಇಷ್ಟು ಕೇಳಲ್ಲ ಅಂತ ಟೀಚರು ನಕ್ಕರು. ನಕ್ಕರೂ ಉತ್ತರ ಕೊಟ್ಟರು, ಮರಿ ಸಿಕ್ಕಿತು. ಬೇಕರಿಯವನ ಹೆಂಡತಿ ದಿನವಿಡೀ ಮನೆಯಲ್ಲೇ ಇರುವವಳು, ಮೆತ್ತಗಿನ ಸ್ವಭಾವ. ಸಣ್ಣಮರಿ ಅವಳ ಮಡಿಲಿಗೆ ಹೋಯಿತು. ತಮ್ಮ ಬಂದ.

"ಗೋಡೌನಿಗೆ ಒಂದು ಬೇಕು ಅಕ್ಕ. ಗಂಡೇ ಇರಲಿ."

"ರಾತ್ರಿ ಅಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ, ಅದಕ್ಕೇ ತಾನೆ ನಾಯಿ. ಸರಪಳಿ ಹಾಕಿ ಕಟ್ತೀನಿ."

"ಇದು ಜನದ ಮಧ್ಯೆ ಬದುಕೋ ಜಾತಿ. ಒಂಟಿಯಾಗಿ ಕಟ್ಟಿದ್ರೆ ಕೊರಗಿ ಸಾಯುತ್ತೆ. ನಿಂಗೆ ಬೇಕಾಗಿರೋದು ಬೀಗ, ನಾಯಿ ಅಲ್ಲ. ನಿಮ್ಮ ಭಾವನ್ನ ಕೇಳು, ಒಳ್ಳೇ ಬೀಗ ತಂದ್ಕೊಡ್ತಾರೆ."

"ಒಡಹುಟ್ಟಿದವನಿಗೇ ಇಲ್ವಾ?"

"ಒಡಹುಟ್ಟಿದವನು ಅಂತ ನಿಂಗೆ ಕಿಡ್ನಿ ಬೇಕಾದ್ರೂ ಕೊಡ್ತೀನಿ. ಮರಿ ಕೊಡಲ್ಲ."

ತಮ್ಮ ಬಹಳ ಕಾಲ ಮಾತು ಬಿಟ್ಟ. ಆ ನೋವು ಅವಳಿಗೆ ಇತ್ತು, ಇಲ್ಲ ಅನ್ನಲಾಗದು. ಆದರೂ ಮಾತು ಬದಲಾಯಿಸಲಿಲ್ಲ.

ಮರಿ ಒಯ್ದವರಿಂದ ಎರಡು ಮಾತು ತೆಗೆದುಕೊಂಡಿದ್ದಳು. ಸಾಕಲು ಆಗದಿದ್ದರೆ ಬೀದಿಗೆ ಬಿಡಬಾರದು, ಬೇರೆಯವರಿಗೆ ದಾಟಿಸಬಾರದು, ಯಾವತ್ತಾದರೂ ಸರಿ ತನಗೇ ತಂದು ಕೊಡಬೇಕು. ಊರು ಬಿಟ್ಟವರೊಬ್ಬರು ಹಾಗೇ ತಂದುಕೊಟ್ಟರು. ಅದಕ್ಕೆ ಬೇರೆ ಮನೆ ಹುಡುಕಿದಳು. ಎರಡನೆಯದು, ಮರಿ ಪೂರ್ತಿ ಬೆಳೆದ ಮೇಲೆ ಸೊಂಟದ ಎಕ್ಸ್‌ರೇಗೆ ಕರೆತರಬೇಕು. ಮರಿ ಹುಟ್ಟಿಸುವುದು ಯಾರಿಗಾದರೂ ಬರುತ್ತದೆ. ಹುಟ್ಟಿಸಿದ್ದು ಸರಿಯಾಗಿತ್ತೋ ಇಲ್ಲವೋ ಅನ್ನುವುದು ಆ ಎಕ್ಸ್‌ರೇಯಲ್ಲೇ ಗೊತ್ತಾಗುವುದು. ಅಲ್ಲಿಯವರೆಗೆ ಇದ್ದಿಲಿಗೆ ಎರಡನೇ ಹೆರಿಗೆ ಇಲ್ಲ ಅಂತ ತಾತ ಹೇಳಿದ್ದರು. ಚಿಕ್ಕಮ್ಮನೂ ಅದನ್ನೇ ಹೇಳಿಕೊಂಡಿದ್ದಳು: ಒಂದು ಕೆಟ್ಟರೂ ಈ ಕೆಲಸ ಇಲ್ಲಿಗೇ ಬಿಟ್ಟೆ.

ಆ ದಿನ ಬಂತು. ಆಸ್ಪತ್ರೆಯ ಪಡಸಾಲೆಯಲ್ಲಿ ಆರು ಕರಿನಾಯಿಗಳು, ಅವನ್ನು ಎಳೆದು ಹಿಡಿದ ಜನ, ನಡುವೆ ಚಿಕ್ಕಮ್ಮ. ಬೇಕರಿಯವನು ಹತ್ತಿರ ಬಂದು ಪಿಸುದನಿಯಲ್ಲಿ, "ನಮ್ಮದು ಓರೆಯಾಗಿ ಕೂರುತ್ತೆ ಚಿಕ್ಕಮ್ಮ, ಒಂದು ಕಾಲು ಚಾಚಿ" ಅಂದ. ಮಸಿ ಕೂರುವುದೂ ಹಾಗೇ.

ಡಾಕ್ಟರಮ್ಮ ಒಂದೊಂದಾಗಿ ಹಲಗೆಗೆ ಸಿಕ್ಕಿಸುತ್ತ ಹೋದರು. ಮೊದಲನೆಯದು ಗಟ್ಟಿ. ಎರಡನೆಯದು ಗಟ್ಟಿ. ಟೀಚರ ನಾಯಿಯದು ಪುಸ್ತಕದಲ್ಲಿ ಹಾಕಬಹುದು ಅಂದರು. ಊರು ಬಿಟ್ಟವರ ಮನೆಯಿಂದ ಬಂದದ್ದೂ ಸರಿ, ಅದರ ಮುಂದಿನದೂ ಸರಿ. ಕೊನೆಗೆ ಬೇಕರಿಯದು. ಡಾಕ್ಟರಮ್ಮ ಹತ್ತಿರ ಬಾಗಿ ನೋಡಿದರು, ದೂರ ಸರಿದು ನೋಡಿದರು. ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ, ತಾನೇ ಹಲಗೆಯ ಹತ್ತಿರ ಹೋದಳು. ಚೆಂಡು ಬಟ್ಟಲಲ್ಲಿ ಕೂತಿತ್ತು. ಹೊಸ ಕಾಜಿನಲ್ಲಿ ಗುಂಡಿ ಕೂತ ಹಾಗೆ, ಎಳೆದರೂ ಬರದಷ್ಟು ಬಿಗಿಯಾಗಿ.

"ಹಾಗಾದ್ರೆ ಯಾಕೆ ಓರೆಯಾಗಿ ಕೂರುತ್ತೆ?"

ಡಾಕ್ಟರಮ್ಮ ಬೇಕರಿಯವನ ಕಡೆ ತಿರುಗಿದರು. "ಎಲ್ಲಿ ಕೂರುತ್ತೆ?"

"ಒಲೆ ಪಕ್ಕ. ನನ್ನವಳ ಕಾಲಿಗೂ ಹಿಟ್ಟಿನ ಮೂಟೆಗೂ ನಡುವೆ."

"ಅಲ್ಲಿ ನೀವು ಕೂತ್ರೂ ಓರೆಯಾಗೇ ಕೂರಬೇಕು."

ನಗು ಪಡಸಾಲೆಗೆ ಕೇಳಿಸಿತು. ಹೊರಗಿನ ಅಂಗಳದಲ್ಲಿ ಬೇಲಿ ಭದ್ರವಾಗಿತ್ತು, ಹಗ್ಗ ಬಿಚ್ಚಿದರು. ಆರೂ ಒಂದರ ಹಿಂದೊಂದು ಅಂಗಳ ಸುತ್ತಿ ಓಡಿದವು, ಹಿಂಗಾಲು ನೆಲ ಒದ್ದು ಮಣ್ಣು ಹಾರಿಸುತ್ತ. ಅತ್ತೆ ಬೆಂಚಿನ ಮೇಲೆ ಕೂತು, ಅವರಿಗೊಂದು ಇವರಿಗೊಂದು ಸುದ್ದಿ ಹೇಳುತ್ತಿದ್ದರು. ಬಾಟಲಿಯ ಹಾಲು ಕುಡಿದದ್ದು ಇದೇ ಅಂತ ತಪ್ಪು ನಾಯಿಯನ್ನು ತೋರಿಸಿದರು, ಯಾರೂ ತಿದ್ದಲಿಲ್ಲ.

ಗಾರ್ಡ್ ತಾತ ಕೋಲೂರಿ ಬೇಲಿಯ ಹತ್ತಿರ ನಿಂತಿದ್ದರು. ನಾಯಿಗಳ ಮುಖ ನೋಡುತ್ತಿರಲಿಲ್ಲ, ಹಿಂದಿನಿಂದ ಸೊಂಟ ನೋಡುತ್ತಿದ್ದರು. ಬಹಳ ಹೊತ್ತು ನೋಡಿ, ಚಿಕ್ಕಮ್ಮನ ಕಡೆ ತಿರುಗಿದರು.

"ಇದ್ದಿಲಿಗೆ ಇನ್ನೊಂದು ಹೆರಿಗೆ ಆಗಲಿ. ನನ್ನ ಹತ್ತಿರ ಮರಿ ಕೇಳಿ ಬರೋರನ್ನೆಲ್ಲ ಇನ್ಮೇಲೆ ನಿನ್ನ ಹತ್ತಿರ ಕಳಿಸ್ತೀನಿ. ನನಗೂ ಒಂದು ಎತ್ತಿಡು. ಈ ಓಡ್ತಿರೋದರ ಹಾಗೆ, ಚುರುಕಾಗಿರೋದು."

ಚಿಕ್ಕಮ್ಮ ಅವರ ಕೋಲನ್ನೂ ಮಂಡಿಯನ್ನೂ ನೋಡಿದಳು.

"ಚುರುಕಾಗಿರೋದು ನಿಮಗಾಗಲ್ಲ ತಾತ, ಎಳೆದು ಕೆಡವುತ್ತೆ. ಸಾಧುವಾಗಿ, ಕಾಲ ಹತ್ತಿರ ಕೂರೋದು ಹುಟ್ಟಿದ್ರೆ ನಿಮಗೆ. ಹುಟ್ಟದಿದ್ರೆ ಅದರ ಮುಂದಿನ ಸಲ. ಕಾಯಬೇಕಾಗುತ್ತೆ."

ತಾತ ಅವಳ ಮುಖವನ್ನೇ ನೋಡಿದರು. ಆಮೇಲೆ ಕೋಲು ನೆಲಕ್ಕೆ ಕುಟ್ಟಿ, "ಕಾಯ್ತೀನಿ" ಅಂದರು.