ಅಂಗುಳಿನ ಕಡಲೆ

ಮೊದಲ ಸಲ ನಾಲಗೆಗೆ ಅದು ಸಿಕ್ಕಿದ್ದು ನವೆಂಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ರೈಲಿನಲ್ಲಿ. ಕಡೂರಿನಿಂದ ಅಜ್ಜಂಪುರಕ್ಕೆ ದಿನವೂ ಹೋಗಿಬರುತ್ತೇನೆ. ಅಲ್ಲಿನ ಕಚೇರಿಯಲ್ಲಿ ಪಹಣಿ ತಿದ್ದುಪಡಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಬೀರೂರು ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಆ ದಿನವೂ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದೆ. ನಾಲಗೆ ತನ್ನ ಪಾಡಿಗೆ ಮೇಲೆ ಹೋಗಿ, ಬಲಗಡೆಯ ದವಡೆಹಲ್ಲಿನ ಒಳಬದಿಗೆ, ಅಂಗುಳಿನಲ್ಲಿ ಒಂದು ಉಬ್ಬನ್ನು ಮುಟ್ಟಿತು. ನಯವಾಗಿತ್ತು, ನೋವಿರಲಿಲ್ಲ. ಕತ್ತಲ ಕೋಣೆಯಲ್ಲಿ ಗೋಡೆ ತಡವುವಾಗ ಗೊತ್ತೇ ಇಲ್ಲದ ಗುಬುಟು ಸಿಕ್ಕಿದ ಹಾಗೆ ನಾಲಗೆ ಅಲ್ಲೇ ನಿಂತಿತು. ಅಜ್ಜಂಪುರ ಬಂದಿದ್ದೂ ತಿಳಿಯಲಿಲ್ಲ. ಎದುರಿಗೆ ಕೂತಿದ್ದವರು ಮೊಣಕಾಲು ತಟ್ಟಿ ಎಬ್ಬಿಸಿದರು.

ಡೈರಿಯಲ್ಲಿ ಬರೆದೆ: ‘ಅಂಗುಳು, ಬಲಗಡೆ, ಒಂದು ಗುಳ್ಳೆ. ಹೆಸರುಕಾಳಿನಷ್ಟು. ನೋವಿಲ್ಲ.’

ಕಡೂರಿನಲ್ಲಿ ಅಪ್ಪನದು ಕಾಳಿನ ಅಂಗಡಿ. ಅಲ್ಲೇ ಆಡಿ ಬೆಳೆದ ನನಗೆ ಸಣ್ಣ ವಸ್ತುವಿನ ಗಾತ್ರವೆಂದರೆ ಯಾವುದೋ ಒಂದು ಕಾಳು. ಒಂದು ಕಾಳನ್ನು ನಾಲಗೆಯ ತುದಿಯಲ್ಲಿ ಉರುಳಿಸುವುದು, ಆಮೇಲೆ ಗುಳ್ಳೆಯನ್ನು ಮುಟ್ಟುವುದು, ಮತ್ತೆ ಕಾಳು. ಹೊಂದಿದರೆ ಆ ಕಾಳನ್ನೇ ಒರೆಸಿ, ಡೈರಿಯ ಹಾಳೆಗೆ ಗೋಂದು ಹಚ್ಚಿ ಅಂಟಿಸಿ, ಪಕ್ಕದಲ್ಲಿ ತಾರೀಖು. ಡಿಸೆಂಬರ್ ಕೊನೆಗೆ ತೊಗರಿಯಷ್ಟಾಯಿತು. ಫೆಬ್ರುವರಿ ಕೊನೆಗೆ ಕಡಲೆಯಷ್ಟು.

ಅಮ್ಮನಿಗೆ ಮೊದಲೇ ಹೇಳಿದ್ದೆ. ದೀಪದ ಬೆಳಕಿಗೆ ಬಾಯಿ ತೆಗೆಸಿ ನೋಡಿದ್ದಳು.

“ಉಷ್ಣ ಕಣೇ. ಆ ಕಂಪ್ಯೂಟರ್ ಮುಂದೆ ಸುಡುಸುಡು ಅಂತ ಕೂತ್ಕೋತೀಯ, ಮನೆಗೆ ಬಂದ್ರೆ ಮೊಬೈಲು. ಉಷ್ಣ ಆಗ್ದೆ ಇನ್ನೇನಾಗುತ್ತೆ?”

ಬೆಳಿಗ್ಗೆ ಕಾಮಕಸ್ತೂರಿ ಬೀಜ ನೆನೆಸಿದ ನೀರು, ಇಪ್ಪತ್ತಾರು ದಿನ. ಶನಿವಾರ ನೆತ್ತಿಗೆ ಹರಳೆಣ್ಣೆ, ಒಂಬತ್ತು ವಾರ. ಹೆಸರುಬೇಳೆ ಪಾಯಸ, ಏಳು ಸಲ. ಅವು ಚೆನ್ನಾಗಿದ್ದ ದಿನಗಳು ಎಂದು ಈಗಲೂ ಅನ್ನಿಸುತ್ತದೆ. ಎಣ್ಣೆ ಇಳಿಯುವ ಹಣೆ, ನೆತ್ತಿಯನ್ನು ತಟ್ಟುವ ಅಮ್ಮನ ಅಂಗೈ, ಎಲ್ಲವೂ ತಣ್ಣಗಾಗುತ್ತಿದೆ ಎಂಬ ನಂಬಿಕೆ. ಅದರಂತೆ ಮಾರ್ಚ್‌ನಿಂದ ಗುಳ್ಳೆಯೂ ನಿಂತಿತು. ಭಾನುವಾರಕ್ಕೊಮ್ಮೆ ಅಳೆದು ಬರೆದೆ: ‘ಕಡಲೆಯಷ್ಟೇ. ಬದಲಾವಣೆ ಇಲ್ಲ.’ ಹೀಗೆ ಹನ್ನೊಂದು ಭಾನುವಾರ.

ಹನ್ನೊಂದನೆಯ ಭಾನುವಾರ ಕಳೆದು, ಮೇ ತಿಂಗಳ ನಡುವೆ ಒಂದು ರಜೆಯ ದಿನ, ಅಪ್ಪನಿಗೆ ಊಟ ಕೊಡಲು ಅಂಗಡಿಗೆ ಹೋದೆ. ಅವನು ರೈತರೊಬ್ಬರು ತಂದ ತೊಗರಿಯನ್ನು ಹಲ್ಲಿಗಿಟ್ಟು ಕಟ್ಟೆಂದು ಕಡಿದು, ಒಣಗಿದೆ ಎಂದು ತಲೆಯಾಡಿಸುತ್ತಿದ್ದ. ಅವರು ಹೋದ ಮೇಲೆ ಬುತ್ತಿಯ ಚೀಲದಲ್ಲಿದ್ದ ಡೈರಿಯೂ ಹೊರಬಂತು.

“ಏನೇ ಇದು, ಅಂಗಡಿ ಸ್ಯಾಂಪಲ್ಲೆಲ್ಲ ತಗಂಡೋಗಿ ಪುಸ್ತಕಕ್ಕೆ ಅಂಟಿಸ್ಕಂಡಿದೀಯ? ನಂಗೇ ಪೋಟಿಗೆ ಅಂಗಡಿ ಇಡ್ತೀಯೇನು?”

ನಾನು ನಕ್ಕು ವಿಷಯ ಹೇಳಿದೆ.

“ಅದಿನ್ನೂ ಹೋಗಿಲ್ವಾ? ಉಷ್ಣ, ಇಳೀತು ಅಂದ್ಲಲ್ಲ ನಿಮ್ಮಮ್ಮ.”

“ಹೋಗಿಲ್ಲಪ್ಪ, ಆದ್ರೆ ಬೆಳೀತಾನೂ ಇಲ್ಲ. ನೋಡು, ಹನ್ನೊಂದು ವಾರದಿಂದ ಕಡ್ಲೆಯಷ್ಟೇ.”

ಅಪ್ಪ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದ. ಫೆಬ್ರುವರಿಯ ಕಡಲೆ ಗುಂಡಗೆ, ಬಿಗಿಯಾಗಿತ್ತು. ಆಮೇಲಿನ ಹನ್ನೊಂದೂ ಸುಕ್ಕುಗಟ್ಟಿ ಸಿಪ್ಪೆ ಸಡಿಲಾಗಿದ್ದವು. ನಾನದನ್ನು ದಿನವೂ ನೋಡಿದ್ದೆ, ಗಮನಿಸಿರಲಿಲ್ಲ.

“ಈ ಮೊದಲ್ನೇದು ನಮ್ಮಂಗಡೀದು. ಇವೆಲ್ಲ ಒಂದ್ಸಲ ನೆನೆದು ಒಣಗಿರೋವು. ಎಲ್ಲಿವು?”

“ಮನೇವು. ಭಾನುವಾರ ಅಮ್ಮ ಉಸಲಿಗೆ ನೆನೆಹಾಕಿರ್ತಾಳಲ್ಲ, ಅದ್ರಲ್ಲೊಂದು ತಗೋತಿದ್ದೆ.”

“ನೆನೆದ್ರೆ ಕಡ್ಲೆ ಎಷ್ಟಾಗುತ್ತೆ ಕಣವ್ವಾ?”

ಉತ್ತರ ನನಗೆ ಆರನೇ ವಯಸ್ಸಿನಿಂದ ಗೊತ್ತಿತ್ತು. ಹೆಚ್ಚುಕಡಿಮೆ ಎರಡರಷ್ಟು. ಒಣ ಕಡಲೆಯಷ್ಟಿದ್ದದ್ದು ನೆನೆದ ಕಡಲೆಯಷ್ಟಾಗಿತ್ತು. ನಾನು ಅದನ್ನೇ ‘ಬದಲಾವಣೆ ಇಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯುತ್ತಾ ಬಂದಿದ್ದೆ.

“ಕಾಳಂಗಡಿಯವನ ಮಗಳಾಗಿ...” ಎಂದು ಅಪ್ಪ ತಮಾಷೆಗೆ ಶುರುಮಾಡಿ ಅರ್ಧಕ್ಕೇ ಬಿಟ್ಟ. ಮೊಬೈಲಿನ ಬೆಳಕು ಹಾಕಿ ನನ್ನ ಬಾಯೊಳಗೆ ನೋಡಿದ. ಬುತ್ತಿ ಬಿಚ್ಚಲೇ ಇಲ್ಲ. “ನಾಳೆ ತರೀಕೆರೆಗೆ ಹೋಗಾಣ” ಅಂದ.

ತರೀಕೆರೆಯಲ್ಲಿ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ, ಅಮ್ಮನ ಹಲ್ಲು ಕಿತ್ತ ದಂತವೈದ್ಯೆ ಇದ್ದಾರೆ. ಅವರು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಕೆಳಗೆ ಕಂಡಕ್ಟರ್ “ಲಿಂಗದಳ್ಳಿ, ಲಿಂಗದಳ್ಳಿ” ಎಂದು ಕೂಗುತ್ತಿದ್ದದ್ದು ಎಲ್ಲೋ ಕೆರೆಯ ಆಚೆ ದಡದಿಂದ ಕೇಳಿದಂತಿತ್ತು.

“ಇದು ಉಷ್ಣದ ಗುಳ್ಳೆ ಅಲ್ಲಮ್ಮ. ಬಾಯೊಳಗೆಲ್ಲ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಜೊಲ್ಲಿನ ಗ್ರಂಥಿಗಳಿರ್ತವೆ, ನೂರಾರು. ಅದ್ರಲ್ಲೊಂದು ಗಂಟಾಗಿದೆ.”

“ಕ್ಯಾನ್ಸರ್ರಾ ಡಾಕ್ಟ್ರೇ?” ಅಪ್ಪ ನೇರವಾಗಿ ಕೇಳಿಬಿಟ್ಟ. “ಒಂದು ಚೂರು ಅಡಿಕೆ ಹಾಕ್ದೋಳಲ್ಲ ಇವಳು.”

“ಅಡಿಕೆ ಹಾಕದೇ ಇರೋರಿಗೂ ಬರುತ್ತೆ ರೀ ಇದು. ಒಳ್ಳೇದೂ ಇರಬಹುದು, ಕೆಟ್ಟದ್ದೂ ಇರಬಹುದು. ಚೂರು ತೆಗೆದು ಪರೀಕ್ಷೆ ಮಾಡಿಸ್ದೆ ಯಾರೂ ಹೇಳೋಕಾಗಲ್ಲ. ಶಿವಮೊಗ್ಗಕ್ಕೆ ಬರ್ಕೊಡ್ತೀನಿ.”

ಶಿವಮೊಗ್ಗದಲ್ಲಿ ಚೂರು ತೆಗೆದರು. ವರದಿಗೆ ಒಂಬತ್ತು ದಿನ.

ಆ ಒಂಬತ್ತು ದಿನಗಳ ಪುಟದಲ್ಲಿ ತಾರೀಖು ಬಿಟ್ಟರೆ ಏನೂ ಇಲ್ಲ. ಕಚೇರಿಗೆ ಹೋದೆ, ಸರ್ವೆ ನಂಬರುಗಳನ್ನು ತುಂಬಿದೆ. ಯಾರ ಹೊಲ, ಎಷ್ಟು ಗುಂಟೆ, ಯಾವುದೂ ನೆನಪಿಲ್ಲ. ಐದನೆಯ ದಿನ ರೈಲು ಅಜ್ಜಂಪುರದಲ್ಲಿ ನಿಂತದ್ದನ್ನು ಎಚ್ಚರದಲ್ಲೇ ನೋಡಿದೆ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು, ನೀರಿನ ನಲ್ಲಿ, ಇಳಿದು ಹೋಗುವ ಗುರುತಿನ ಮುಖಗಳು. ಏಳಬೇಕು ಅನ್ನಿಸಲಿಲ್ಲ. ಅವೆಲ್ಲ ಹಿಂದೆ ಸರಿದವು, ನಾನು ಮಾತ್ರ ಕದಲದೆ ಕೂತಿದ್ದೆ. ಶಿವನಿಯಲ್ಲಿ ಇಳಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಮೋಡದ ನೆರಳು ಹೊಲದ ಮೇಲೆ ನಡೆದುಹೋಗುವುದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಸತ್ತರೂ ಹೀಗೇ ಇರುತ್ತದೇನೋ, ಇಳಿಯಬೇಕಾದ ಊರು ದಾಟಿ ಮುಂದಿನ ಊರು, ಅಷ್ಟೇ ಅನ್ನಿಸಿತು. ಭಯ ಬಂದದ್ದು ಆಮೇಲೆ, ವಾಪಸ್ ಬರುವ ಬಸ್ಸಿನಲ್ಲಿ.

ಆ ಸಂಜೆ ಅಮ್ಮ ಜಡೆ ಹಾಕುತ್ತಾ, “ನಾನೇ ಕಣೇ ಹಾಳ್ಮಾಡಿದ್ದು, ಎಣ್ಣೆ ಹಚ್ಕಂಡು ಕೂತೆ” ಅಂದಳು.

“ನಾನು ಅಳತೆ ತಪ್ಪಿದ್ದಮ್ಮ.”

“ಇಳೀತು ಅಂತ ನಿಮ್ಮಪ್ಪಂಗೆ ಸುಳ್ಳು ಹೇಳ್ದೋಳು ನಾನು” ಎಂದು ಅಮ್ಮ ಜಡೆಯನ್ನು ಬಿಗಿಯಾಗಿ ಎಳೆದಳು.

ವರದಿ ಬಂತು. ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಬೆಳೆಯುತ್ತದೆ, ವರ್ಷಗಳ ಮೇಲೆ ಕೆಡಲೂಬಹುದು, ಸುತ್ತಲಿನ ಒಂದಿಷ್ಟು ಭಾಗವನ್ನೂ ಸೇರಿಸಿ ತೆಗೆಯಬೇಕು ಎಂದರು. ಜೂನ್‌ನಲ್ಲಿ ತೆಗೆದರು. ಗಾಯದ ಮೇಲೆ ಅಂಗುಳಿನ ಆಕಾರದ ಒಂದು ತೆಳು ಪ್ಲಾಸ್ಟಿಕ್ ಹೊದಿಕೆ ಕೂರಿಸಿ, ಹದಿನೆಂಟು ದಿನ ಗಂಜಿಯಲ್ಲೇ ಇಟ್ಟರು. ತೆಗೆದ ಗಂಟನ್ನು ಪೂರ್ತಿಯಾಗಿ ಪರೀಕ್ಷಿಸಿ, ಅಂಚಿನಲ್ಲೆಲ್ಲೂ ಅದರ ಅಂಶವಿಲ್ಲ, ಪೂರ್ತಿ ಬಂದಿದೆ ಎಂದರು. ಆದರೂ ಇದು ಎಷ್ಟೋ ವರ್ಷಗಳ ಮೇಲೂ ಮರಳಬಹುದಂತೆ, ಆಗಾಗ ತೋರಿಸುತ್ತಿರಬೇಕು.

ಈ ಜೂನ್‌ಗೆ ಒಂದು ವರ್ಷ. ಶಿವಮೊಗ್ಗದ ಡಾಕ್ಟರು ಬೆಳಕು ಹಾಕಿ ನೋಡಿ, ಒತ್ತಿ, ಮತ್ತೆ ನೋಡಿ, ಚೀಟಿಯ ಮೇಲೆ ಏನೋ ಗೀಚಿದರು. ಹೊರಗೆ ಬೆಂಚಿನ ಮೇಲೆ ಅಪ್ಪ ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತಿದ್ದ.

“ಏನಂದ್ರು?”

“ಏನೂ ಇಲ್ವಂತೆ. ಮುಂದಿನ ವರ್ಷ ಬಾ ಅಂದ್ರು.”

“ಮುಂದಿನ ವರ್ಷಾನಾ?” ಅಪ್ಪ ಚೀಟಿ ತೆಗೆದುಕೊಂಡು, ತನಗೆ ಓದಲು ಬಾರದ ಇಂಗ್ಲಿಷನ್ನು ಮೇಲಿನಿಂದ ಕೆಳಗೆ ನೋಡಿದ. “ಅಷ್ಟು ದೂರದ ತಾರೀಖು ಬರ್ದವ್ರೆ ಅಂದ್ರೆ ಸರಿ ಬಿಡು. ನಡಿ, ಹಸಿವಾಗ್ತೈತೆ.”