ಅವ್ವ ಮಗ್ಗಕ್ಕೆ ಕೂತ ಚಳಿಗಾಲ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮ ಮನೆ. ಐವತ್ತರ ದಶಕದ ಮಾತು. ನಾನಿನ್ನೂ ಸಾಲೆಗೆ ಹೋಗುವ ಹುಡುಗಿ. ಪಡಸಾಲೆಯಲ್ಲಿ ಕುಣಿಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ದಿನವಿಡೀ ಕೆಮ್ಮುತ್ತ ಸೀರೆ ನೇಯುತ್ತಿದ್ದ. ಸಂಜೆ ಮೇಲೇಳುವಾಗ ಗೋಡೆ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಲ್ಲುತ್ತಿದ್ದ.

ಅವ್ವ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ನಸುಕಿನಲ್ಲಿ ಬೀಸುಕಲ್ಲು, ಆಮೇಲೆ ಭಾವಿಯ ನೀರು, ರೊಟ್ಟಿ, ಅರಿವೆ ಒಗೆಯುವುದು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಲು ಕೂತರೂ ತೊಡೆಯ ಮೇಲೆ ಹಾಲು ಕುಡಿಯುವ ತಂಗಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳ ಪಾಲಿನದು.

ದೀಪಾವಳಿ ಮುಗಿದು ಚಳಿ ಬಿದ್ದ ಹೊಸತರಲ್ಲಿ ಅವ್ವ ಭಾವಿಕಟ್ಟೆಯ ಮೇಲೆ ತಲೆತಿರುಗಿ ಬಿದ್ದಳು. ಪಕ್ಕದ ಬಳೆಗಾರ ಸಾಬರ ಹೆಂಡತಿ, ನಾವೆಲ್ಲ ಚಾಚಿ ಎನ್ನುತ್ತಿದ್ದವರು, ಹೆಗಲು ಕೊಟ್ಟು ಮನೆಗೆ ಕರೆತಂದರು. ಅವ್ವ ಏನೂ ಆಗಿಲ್ಲವೆಂದು ಒಲೆಯತ್ತ ನಡೆದಳು. ಚಾಚಿ ಬಿಡಲಿಲ್ಲ. ಎಷ್ಟೋ ದಿನದಿಂದ ಇವಳು ಭಾವಿಯ ಹತ್ತಿರ ಕಣ್ಣು ಮುಚ್ಚಿ ಕೂರುತ್ತಾಳೆ, ನಿಮಗೆ ಹೇಳಿಲ್ಲ ಅಷ್ಟೇ ಎಂದು ಅಪ್ಪನಿಗೆ ಹೇಳಿದರು.

ಮರುದಿನ ಬಸ್ಸು ಹತ್ತಿ ರೋಣದ ದವಾಖಾನೆಗೆ ಹೋದೆವು. ತಂಗಿಯನ್ನು ಎತ್ತಿಕೊಳ್ಳಲು ನಾನೂ ಹೋಗಿದ್ದೆ. ಡಾಕ್ಟರು ಅವ್ವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಬಹಳ ಕಡಿಮೆಯಾಗಿದೆ, ಕೊಡ ಎತ್ತಬಾರದು, ಬೀಸಬಾರದು, ಕೂತು ಸುಧಾರಿಸಿಕೊಳ್ಳಬೇಕು, ಹೊಟ್ಟೆತುಂಬ ಉಣ್ಣಬೇಕು ಎಂದರು. ಅಷ್ಟರಲ್ಲಿ ಅಪ್ಪ ಕೂತಿದ್ದ ಬಾಕಿನಿಂದ ಎದ್ದ ರೀತಿ ಅವರ ಕಣ್ಣಿಗೆ ಬಿತ್ತು. ಅವನನ್ನೂ ಮಲಗಿಸಿ ಬೆನ್ನು ಒತ್ತಿ ನೋಡಿದರು. ಕೂತಲ್ಲೇ ಕೂತು ಸೊಂಟ ಹಿಡಿದಿದೆ, ದಿನಾ ನಡೆದಾಡಬೇಕು ಎಂದು ಬೈದೇ ಹೇಳಿದರು.

ಬಸ್ಸಿನಲ್ಲಿ ಅಪ್ಪ ಅವ್ವನಿಗೆ, "ನಿನಗ ಕೂಡು ಅಂದ್ರು, ನನಗ ನಡಿ ಅಂದ್ರು. ಕೆಲಸ ಅದಲಿ ಬದಲಿ ಮಾಡ್ಕೊಂಡ್ರಾತು ಬಿಡು" ಎಂದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಚೇಷ್ಟೆಯ ಮಾತೆಂದು ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಅಪ್ಪ ನಿಜಕ್ಕೂ ಕೊಡ ಎತ್ತಿಕೊಂಡ. ಅವನ ತಾಯಿ, ನಮ್ಮ ಆಯಿ, ಬಾಗಿಲಿಗೆ ಅಡ್ಡ ನಿಂತಳು.

"ಗಂಡಸು ಕೊಡ ಹೊತ್ಕೊಂಡ ಹೊಂಟ್ರ ಮಂದಿ ಏನಂದಾರು?"

"ಅನ್ನಾವರು ನೀರ ತಂದು ಕೊಡೂದಿಲ್ಲಲ್ಲಬೇ" ಎಂದು ಅಪ್ಪ ಹೊರಗೆ ನಡೆದ.

ಭಾವಿಯಲ್ಲಿ ಹೆಂಗಸರು ಸೆರಗು ಸರಿಮಾಡಿಕೊಂಡು ಹಿಂದೆ ಸರಿದರಂತೆ. ಚಾಚಿಯೊಬ್ಬರೇ ಹಗ್ಗ ಕೊಟ್ಟು, ಸೇದಿರಿ ಎಂದರಂತೆ. ಅಪ್ಪ ಬರುವಾಗ ಅರ್ಧ ನೀರು ಅವನ ಅಂಗಿಯ ಮೇಲಿತ್ತು. ಆಯಿ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ರೊಟ್ಟಿ ಬಡಿಯಲು ಕೂತು, ಮೊದಲ ಬಿಸಿ ರೊಟ್ಟಿಯನ್ನು ಬೆಲ್ಲ, ಶೇಂಗಾದ ಜೊತೆ ಅವ್ವನ ಮುಂದಿಟ್ಟಳು. ಅವ್ವ ಅದನ್ನು ಹಿಡಿದುಕೊಂಡು ಅತ್ತಳು. ಯಾಕೆ ಅಳುತ್ತಾಳೋ ನನಗೆ ತಿಳಿಯಲಿಲ್ಲ.

ಕೆಲವು ವಾರ ಅವ್ವ ಮಲಗಿಯೇ ಇದ್ದಳು. ಮೈಗೆ ಸ್ವಲ್ಪ ಬಲ ಬಂದ ಮೇಲೆ ಮಧ್ಯಾಹ್ನದ ಹೊತ್ತು ಮಗ್ಗಕ್ಕೆ ಕೂರತೊಡಗಿದಳು. ತವರಿನಲ್ಲಿ ತನ್ನ ಅಪ್ಪನಿಂದ ಕಲಿತ ಕೆಲಸ ಅದು. ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಅವಳ ಕಾಲಿಗೆ ತುಳಿಯುವ ಹಲಗೆ ಎಟುಕದೆಂದು ಅಪ್ಪ ಕುಣಿಯೊಳಗಿಳಿದು ಹಗ್ಗ ಬಿಗಿದು ಅದನ್ನು ಮೇಲಕ್ಕೆತ್ತಿ ಕೊಟ್ಟ. ತಂಗಿಯ ತೊಟ್ಟಿಲನ್ನು ಕೈಗೆ ಸಿಗುವಷ್ಟು ಹತ್ತಿರ ಕಟ್ಟಿದ. ಆ ಚಳಿಗಾಲದಲ್ಲಿ ಮಗ್ಗದಿಂದ ಇಳಿದ ಸೀರೆಗಳು ಕಡಿಮೆ. ಆದರೆ ಯುಗಾದಿಯ ಹೊತ್ತಿಗೆ ಅವ್ವನ ತುಟಿಗೆ ಬಣ್ಣ ಬಂದಿತ್ತು, ಅಪ್ಪ ಗೋಡೆ ಹಿಡಿಯದೆ ಏಳುತ್ತಿದ್ದ. ನೂಲಿನ ಧೂಳಿನ ಕೆಮ್ಮು ಮಾತ್ರ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅವ್ವ ಗುಣವಾದ ಮೇಲೂ ನೀರು ಅಪ್ಪನದೇ, ಮಧ್ಯಾಹ್ನದ ಮಗ್ಗ ಅವ್ವನದೇ ಆಗಿ ಉಳಿಯಿತು. ಬಹಳ ವರ್ಷಗಳ ಮೇಲೆ, ನಾನು ನರಗುಂದದಲ್ಲಿ ಮಾಸ್ತರಿಕೆ ಮಾಡುತ್ತ ಮನೆ, ಮಕ್ಕಳೆಂದು ದುಡಿದು ಸೊರಗಿದ್ದಾಗ, ನೋಡಲು ಬಂದ ಅವ್ವ ನನ್ನ ಕೈ ಹಿಡಿದು, "ಬಿದ್ದ ಮ್ಯಾಲೆ ಹೇಳಬ್ಯಾಡವಾ, ಮೊದಲ ಹೇಳು" ಎಂದಿದ್ದಳು.

ಈಗಲೂ ಕಣ್ಣಿಗೆ ಕಟ್ಟುವುದು ಆ ಮಧ್ಯಾಹ್ನಗಳು. ಹೊರಗಿನ ಕಟ್ಟೆಯ ಮೇಲೆ ಅಪ್ಪ ತಂಗಿಯನ್ನು ಆಡಿಸುತ್ತಿರುತ್ತಾನೆ. ಮಗ್ಗದ ಸದ್ದು ನಿಂತರೆ ಸಾಕು, ಎಳೆ ಹರಿಯಿತೇನು ಎಂದು ಕೂಗುತ್ತಾನೆ. ಒಳಗಿನಿಂದ ಅವ್ವನ ಉತ್ತರ ಬರುತ್ತದೆ: "ಹರದಿಲ್ರಿ. ಹಂಗ ಸುಮ್ಮನ ಕುಂತೀನಿ."