ಹುಣಸೆ ಬೀಜದ ಪಣ

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹಂಡೆಗೆ ಉರಿ ಹಚ್ಚಿ ನಮ್ಮ ಯಜಮಾನರಿಗೆ ಸ್ನಾನ ಮಾಡಿಸಿದೆ, ಗಡ್ಡ ಕೆರೆದೆ, ಎಡಗೈಯ ಉಗುರು ತೆಗೆದೆ. ಬಲಗೈಯದು ಅಷ್ಟು ಬೆಳೆದಿರಲಿಲ್ಲ. ಹಾಸಿಗೆಯ ಬಟ್ಟೆ ಒಗೆದು ಹರವಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ಜಗಳೂರಿನಿಂದ ನಾದಿನಿ ಕಳಿಸಿದ ಹುಣಸೆಹಣ್ಣನ್ನು ಬಿಸಿಲಿಗೆ ಹಾಕಿ, ಮಧ್ಯಾಹ್ನ ಕುಟ್ಟಿ ಬೀಜ ಬಿಡಿಸಲು ಕೂತೆ.

ಬೀಜವನ್ನು ನಾವು ಎಸೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಪೋಕರ್ ಆಡಲು ಬೇಕು.

ಈ ಆಟ ತಂದವನು ನನ್ನ ತಮ್ಮ. ಹೊನ್ನಾಳಿಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಭಾನುವಾರ ಚನ್ನಗಿರಿಗೆ ಬಂದರೆ ಭಾವನ ಎದುರು ಕೂತು ಇಸ್ಪೀಟಿನ ಎಲೆ ಹಂಚುತ್ತಾನೆ. ಕೈಗೆ ಎರಡೆರಡು ಎಲೆ, ನೆಲದ ಮೇಲೆ ಇಬ್ಬರಿಗೂ ಸೇರಿ ಐದು. ದುಡ್ಡು ಕಟ್ಟಿ ಆಡುವುದಾದರೆ ಇಲ್ಲಿ ಬೇಡ ಎಂದು ನಾನು ಹೇಳಿದ್ದಕ್ಕೆ ಹುಣಸೆ ಬೀಜ ಬಂತು.

ಯಜಮಾನರದು ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ. ನ್ಯಾಮತಿ ಕಡೆಯಿಂದಲೂ ಬೈಕಿನ ಹಿಂದೆ ಸುಟ್ಟ ಮೋಟಾರು ಕಟ್ಟಿಕೊಂಡು ಬರುತ್ತಿದ್ದರು. ದಿನವಿಡೀ ತಂತಿಯ ಸುತ್ತು ಎಣಿಸುವ ಇವರಿಗೆ ತಮ್ಮನ ಲೆಕ್ಕ ಬಲು ಹಿಡಿಸಿತು. ಲೆಕ್ಕ ಇಷ್ಟೇ. ನಡುವೆ ಮೂವತ್ತು ಬೀಜ ಬಿದ್ದಿವೆ, ಆಟದಲ್ಲಿ ಉಳಿಯಲು ನೀವು ಹತ್ತು ಹಾಕಬೇಕು, ನಿಮ್ಮ ಎಲೆ ಐದು ಸಲಕ್ಕೆ ಒಂದು ಸಲ ಗೆಲ್ಲುವಂಥದ್ದು. ಐದು ಸಲ ಆಡಿದಂತೆ ಎಣಿಸಿ ನೋಡಿ: ಒಮ್ಮೆ ಮೂವತ್ತು ಬರುತ್ತದೆ, ನಾಲ್ಕು ಸಲ ಹತ್ತು ಹತ್ತು ಹೋಗುತ್ತದೆ. ಒಟ್ಟು ಹತ್ತು ನಷ್ಟ, ಆಟಕ್ಕೆ ಎರಡು ಬೀಜದಂತೆ. ಆಗ ಎಲೆ ಕವುಚಿ ತಳ್ಳಿಬಿಡಬೇಕು; ಅದಕ್ಕೆ ಪ್ಯಾಕ್ ಎನ್ನುತ್ತಾರೆ. ನಡುವೆ ಐವತ್ತಿದ್ದರೆ ಅದೇ ಎಲೆಗೆ ಹತ್ತು ಲಾಭ, ಹಾಕಬೇಕು. ಹಾಗೆ ಹಾಕಿಯೂ ಸೋತು ಇವರು ಮುಖ ಗಂಟಿಕ್ಕಿದರೆ ತಮ್ಮ, ಸೋತರೂ ಹಾಕಿದ್ದು ಸರಿಯೇ ಭಾವ, ಎನ್ನುತ್ತಿದ್ದ. ಸೋತದ್ದು ಸರಿ ಹೇಗಾದೀತೆಂದು ನನಗೆ ತಿಳಿಯುತ್ತಿರಲಿಲ್ಲ.

ಹೋದ ವರ್ಷ ಯಜಮಾನರ ಕೈಯಿಂದ ತಂತಿ ಜಾರತೊಡಗಿತು. ತೋರಿಸಿದರೆ ತಲೆಯೊಳಗೆ ಗಡ್ಡೆ. ಹಾಗೇ ಬಿಟ್ಟರೆ ಒಂದು ವರ್ಷ ಇರಬಹುದು, ಆಪರೇಷನ್ ಮಾಡಿಸಿದರೆ ಹೆಚ್ಚಿನವರು ಎದ್ದು ಬರುತ್ತಾರೆ ಎಂದರು ಡಾಕ್ಟರು. ಐದು ಜನರಲ್ಲಿ ಎಷ್ಟು ಎಂದು ಇವರು ಬಿಡದೆ ಕೇಳಿದ್ದಕ್ಕೆ ನಾಲ್ಕು ಬೆರಳು ತೋರಿಸಿದರು.

ಆ ಭಾನುವಾರ ಎಲೆ ಹಂಚಲಿಲ್ಲ. ಇವರು ಬೀಜದ ಬೋಗುಣಿ ಎಳೆದುಕೊಂಡು, "ಮೇಷ್ಟ್ರೇ, ಇವತ್ತು ನಂದೊಂದು ಲೆಕ್ಕ ಹಾಕ್ರಿ" ಎಂದರು. ತಮ್ಮ ಬೀಜ ಮುಟ್ಟಲಿಲ್ಲ.

"ಭಾವ, ಇದು ದಿನಾ ಆಡಾಕೆ ಕೂರೋರ ಲೆಕ್ಕ. ಒಂದೇ ಸಲ ಆಡೋರಿಗೆ ನಾನು ಹೆಂಗೆ ಹೇಳ್ಲಿ?"

"ಮತ್ತೆ ಇಷ್ಟು ವರ್ಷ ನನ್ನ ಬೀಜ ಎಲ್ಲ ಗೆದ್ಕಂಡಿದ್ದು ಯಾತಕ್ಕೋ?"

ಯಾರಿಗೂ ನಗೆ ಬರಲಿಲ್ಲ. ಇವರೇ ಹತ್ತು ಬೀಜ ಎಣಿಸಿ ಮುಂದಿಟ್ಟುಕೊಂಡರು. ಇದು ಹೇಗೂ ಇರುವ ಒಂದು ವರ್ಷ, ಎಂದರು. ಆಮೇಲೆ ನನ್ನ ಕಡೆ ತಿರುಗಿ, ಗೆದ್ದರೆ ಬರುವ ವರ್ಷಗಳಿಗೆ ಎಷ್ಟು ಇಡೋಣ ಎಂದು ಕೇಳಿದರು. ನಾನು ಬೋಗುಣಿಯನ್ನೇ ನಡುವೆ ಸುರಿದೆ. ಒಂದಷ್ಟು ಬೀಜ ಉರುಳಿ ಮಂಚದ ಕೆಳಗೆ ಹೋದವು.

"ಇಷ್ಟಿದ್ರೆ ಐದಕ್ಕೆ ಒಂದ್ಸಲ ಗೆಲ್ಲಂಗಿದ್ರೂ ಹಾಕ್ಬೇಕು" ಎಂದರು. "ನಂಗೆ ನಾಲ್ಕು ಐತೆ." ಮುಂದಿಟ್ಟುಕೊಂಡಿದ್ದ ಹತ್ತನ್ನೂ ರಾಶಿಗೆ ತಳ್ಳಿದರು.

ಆಪರೇಷನ್ ಆಗಿ, ಆ ನಾಲ್ವರಲ್ಲಿ ಒಬ್ಬರಾಗಿಯೇ ಎದ್ದು ಬಂದರು. ಎದ್ದು ಬರುವುದೆಂದರೆ ಹೇಗೆ ಬರುವುದು ಎಂದು ನಾವು ಮೂವರೂ ಕೇಳಿರಲಿಲ್ಲ. ಬಲಗೈ, ಬಲಗಾಲು ಹೋಗಿವೆ. ಮಾತು ಹೋಗಿದೆ. ಹೇಳಿದ್ದೆಲ್ಲ ತಿಳಿಯುತ್ತದೆ. ಅಂಗಡಿಗೆ ಈಗ ಬೇರೆಯವರು ಬಂದಿದ್ದಾರೆ. ಗೆಲುವಿಗೂ ಸೋಲಿಗೂ ಬೀಜ ಇಟ್ಟು ನೋಡಿದ್ದೆವು, ಇದಕ್ಕೆ ಒಂದನ್ನೂ ಇಟ್ಟಿರಲಿಲ್ಲ.

ಇಂದು ಸಂಜೆ ತಮ್ಮ ಬಂದ. ಭಾವನನ್ನು ದಿಂಬಿಗೆ ಒರಗಿಸಿ ಕೂರಿಸಿ ಎಡಗೈಗೆ ಎರಡು ಎಲೆ ಕೊಟ್ಟ. ನಾನು ಹುಣಸೆ ಬಿಡಿಸುತ್ತ ಇವರ ಬೆನ್ನ ಹಿಂದೆ ಇದ್ದೆ. ಎರಡೂ ಎಕ್ಕ. ಕೈಗೆ ಅದಕ್ಕಿಂತ ಒಳ್ಳೆಯ ಎಲೆ ಬೀಳುವುದಿಲ್ಲ ಎಂದು ನೋಡಿ ನೋಡಿ ನನಗೂ ಗೊತ್ತು. ತಮ್ಮ ಹತ್ತು ಬೀಜ ಹಾಕಿ ಕಾದ. ಇವರು ಎಲೆಯನ್ನೇ ನೋಡುತ್ತಿದ್ದರು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದು ಆಗ ನನ್ನ ಬಾಯಿಗೆ ಬಂತು.

"ರೀ, ಅವತ್ತಿನ ಆಟ ಮತ್ತೆ ಬಂದ್ರೆ ಹಾಕ್ತೀರೇನು?"

ಇವರು ತಿರುಗಲಿಲ್ಲ. ಎರಡೂ ಎಲೆಯನ್ನು ಕವುಚಿ ಇಟ್ಟು, ಎಡಗೈ ಬೆರಳಿನಿಂದ ನಿಧಾನವಾಗಿ ತಮ್ಮನ ಕಡೆ ತಳ್ಳಿದರು.

ತಮ್ಮ ಎಲೆ ತಿರುವಿ ನೋಡಿದ, ಮತ್ತೆ ಕವುಚಿದ. ಬಚ್ಚಲಲ್ಲಿ ಕೈ ತೊಳೆಯುವಾಗ ನನಗೆ ಮಾತ್ರ ಕೇಳುವಂತೆ, "ಲೆಕ್ಕ ಸರಿ ಇತ್ತು ಕಣಕ್ಕ" ಎಂದ. ಸರಿ ಇತ್ತಪ್ಪ, ಬಾ ಊಟಕ್ಕೆ, ಎಂದೆ.

ಮುದ್ದೆ, ಹೊಸ ಹುಣಸೆ ಹಾಕಿದ ಹುರುಳಿ ಸಾರು. ಇವರಿಗೆ ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಿವುಚಿ ತಿನ್ನಿಸಿದೆ. ಅರ್ಧ ಉಳಿಸಿದರು, ಅದನ್ನು ನಾನುಂಡೆ. ತಮ್ಮ ಮೊದಲು ಮಲಗಿದ. ನಾನು ದೀಪ ಆರಿಸುವಾಗ ಇವರ ಕಣ್ಣು ತೆರೆದೇ ಇತ್ತು.